ಕಲ್ಲು ತೊಳೆದ ಹಿಟ್ಟು

ಎದುರಿಗೆ ಕೂತು ಉಣ್ಣುವವರ ತುಟಿಗಳನ್ನೇ ನೋಡುವ ಕೆಟ್ಟ ಅಭ್ಯಾಸವೊಂದು ನನಗೆ ಈಚೆಗೆ ಅಂಟಿಕೊಂಡಿದೆ. ಮೊನ್ನೆ ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಚೌಚೌ ಬಾತ್ ತಿನ್ನುತ್ತಿದ್ದ ಹಿರಿಯರೊಬ್ಬರು ನನ್ನ ನೋಟ ತಾಳಲಾರದೆ ಮೊದಲು ಮೀಸೆ ಒರೆಸಿಕೊಂಡರು, ಆಮೇಲೆ ಅಂಗಿಯ ಗುಂಡಿ ನೋಡಿಕೊಂಡರು, ಕೊನೆಗೆ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ತಾಲ್ಲೂಕು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಇನ್ನೂ ನೇರ. "ಏನ್ರೀ ಮೇಡಂ, ನನ್ನ ಬಾಯೊಳಗೆ ಯಾವ್ದಾದ್ರೂ ಫೈಲು ಕಳೆದೋಗಿದ್ಯಾ?" ಎಂದು ಕೇಳಿದರು. ನಾನು ನಕ್ಕೆ. ನಕ್ಕು ಮತ್ತೆ ತುಟಿ ನೋಡಿದೆ. ಅವರ ಡಬ್ಬಿಯಲ್ಲಿದ್ದದ್ದು ಚಪಾತಿ.

ತುಟಿ ದಪ್ಪಗಾಗುತ್ತಿದೆಯೇ, ಮಾತು ಮಧ್ಯದಲ್ಲಿ ನಿಲ್ಲುತ್ತಿದೆಯೇ, ಕೈ ಗಂಟಲಿನ ಕಡೆಗೆ ಹೋಗುತ್ತಿದೆಯೇ, ಇವಿಷ್ಟೇ ನಾನು ಹುಡುಕುವುದು. ನೀವೇನಾದರೂ ಎಂದಾದರೂ ನನ್ನೆದುರು ಊಟಕ್ಕೆ ಕೂರುವ ಸಂದರ್ಭ ಬಂದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಗಂಟಲು ಮಾತ್ರ ಮುಟ್ಟಿಕೊಳ್ಳಬೇಡಿ.

ಇದೆಲ್ಲ ಒಂದು ರಾಗಿ ಮುದ್ದೆಯಿಂದ ಆದದ್ದು. ಮುದ್ದೆಯ ಕತೆ ಹೇಳಬೇಕಾದರೆ ಹಿಟ್ಟಿನ ಕತೆ ಹೇಳಬೇಕು, ಹಿಟ್ಟಿನ ಕತೆ ಎಂದರೆ ನಮ್ಮ ಚಿಕ್ಕಪ್ಪನ ಕತೆ.

ಚಿಕ್ಕಪ್ಪನ ಹಿಟ್ಟಿನ ಮಿಲ್ಲು ಇರುವುದು ಜಾವಗಲ್ಲಿನಲ್ಲಿ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ನಾನು ಮತ್ತು ನನ್ನ ತಂಗಿ ಸುಮಿ ಬೆಳೆದದ್ದು ಆ ಮಿಲ್ಲಿನ ಹಿಂಬದಿಯ ಮನೆಯಲ್ಲಿ. ಬೆಲ್ಟಿನ ಪಟಪಟ ಸದ್ದಿಲ್ಲದಿದ್ದರೆ ನಮಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಕರೆಂಟು ಹೋಗಿ ಮಿಲ್ಲು ನಿಂತರೆ ಪುಸ್ತಕ ಮುಚ್ಚಿಡುತ್ತಿದ್ದೆವು. ಓದದಿರಲು ಅಷ್ಟು ಒಳ್ಳೆಯ ನೆಪ ಬೇರೆ ಯಾವ ಮಕ್ಕಳಿಗೂ ಇರಲಿಲ್ಲ. ಚಿಕ್ಕಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಸದಾ ಬೆಳ್ಳಗಿರುತ್ತಿದ್ದವು. ಅವರಿಗೆ ನಿಜವಾಗಿ ವಯಸ್ಸಾದದ್ದು ಯಾವಾಗ ಎಂದು ನಮಗೆ ಗೊತ್ತೇ ಆಗಲಿಲ್ಲ. ಆಗತಾನೆ ಬೀಸಿದ ರಾಗಿ ಹಿಟ್ಟು ಬೆಚ್ಚಗಿರುತ್ತದೆ. ಚಳಿಗಾಲದ ಬೆಳಿಗ್ಗೆ ಹಿಟ್ಟಿನ ಚೀಲಕ್ಕೆ ಬೆನ್ನು ಕೊಟ್ಟು ಕೂತರೆ ಯಾರೋ ನಮ್ಮನ್ನು ಒರಗಿಸಿಕೊಂಡಂತೆ ಇರುತ್ತಿತ್ತು. ಆ ಸುಖ ನೆನೆದಾಗಲೆಲ್ಲ ಈಗ ಒಂದು ಬಗೆಯ ಕಹಿ ಬರುತ್ತದೆ. ಒರಗಿಸಿಕೊಂಡದ್ದು ಅದೇ ಹಿಟ್ಟು.

ಮಿಲ್ಲಿನಲ್ಲಿ ಒಂದು ಪದ್ಧತಿಯಿತ್ತು. ಅದಕ್ಕೆ 'ಕಲ್ಲು ತೊಳೆಯೋದು' ಎನ್ನುತ್ತಿದ್ದರು. ನೀರು ಹಾಕಿ ತೊಳೆಯುವುದಲ್ಲ. ಯಾರೋ ಗೋಧಿ ಬೀಸಿಸಿಕೊಂಡು ಹೋದರೆ ಬೀಸುವ ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಗೋಧಿ ಹಿಟ್ಟು ಉಳಿದುಬಿಡುತ್ತದೆ. ಅದರ ಮೇಲೆಯೇ ರಾಗಿ ಹಾಕಿದರೆ ಮುದ್ದೆ ಅಂಟಂಟಾಗುತ್ತದೆ ಎಂದು ನಮ್ಮ ಕಡೆಯ ಹೆಂಗಸರು ಜಗಳಕ್ಕೆ ನಿಲ್ಲುತ್ತಿದ್ದರು. ಅದಕ್ಕೆ ಚಿಕ್ಕಪ್ಪ ಮೊದಲು ತಮ್ಮ ಸ್ವಂತ ರಾಗಿಯಿಂದ ಒಂದು ಸೇರು ಸುರಿದು ಬೀಸಿ, ಆ ಬೆರಕೆ ಹಿಟ್ಟನ್ನು ದನಗಳ ಕಲಗಚ್ಚಿನ ಬಾನಿಗೆ ಹಾಕಿ, ಆಮೇಲೆ ಗಿರಾಕಿಯ ರಾಗಿ ಹಾಕುತ್ತಿದ್ದರು. ಅಷ್ಟು ನಷ್ಟ ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುವ ಮಿಲ್ಲಿನವರು ಸುತ್ತಮುತ್ತ ಬೇರೆ ಇರಲಿಲ್ಲ. ದೂರದ ಗಂಡಸಿ ಊರಿನ ಕಡೆಯಿಂದ ಕೂಡ ಜನ ಸ್ಕೂಟರಿನಲ್ಲಿ ರಾಗಿ ಮೂಟೆ ಇಟ್ಟುಕೊಂಡು ಬರುತ್ತಿದ್ದದ್ದು ಅದಕ್ಕೇ. 'ಕಲ್ಲು ತೊಳ್ದಿದೀನಿ' ಎಂದು ಚಿಕ್ಕಪ್ಪ ಹೇಳಿದರೆ ಮುಗಿಯಿತು, ಯಾರೂ ಹಿಟ್ಟು ಮುಟ್ಟಿ ನೋಡುತ್ತಿರಲಿಲ್ಲ.

ಆ ಕಾಲಕ್ಕೆ ಗೋಧಿಗೆ ನಮ್ಮ ಮನೆಗಳಲ್ಲಿ ನೆಂಟರ ಸ್ಥಾನ. ಜ್ವರ ಬಿಟ್ಟವರಿಗೆ ಗೋಧಿ ರವೆಯ ಗಂಜಿ, ಹೆಣ್ಣು ನೋಡಲು ಬಂದವರಿಗೆ ಕೇಸರಿಬಾತು. ಸಕ್ಕರೆ ಕಾಯಿಲೆ ಬಂದವರಿಗೆ ಮಾತ್ರ ದಿನಾ ಚಪಾತಿಯ ಭಾಗ್ಯ. ನಾನಂತೂ ಚಪಾತಿಯ ಆಸೆಗೆ ನನಗೂ ಸಕ್ಕರೆ ಕಾಯಿಲೆ ಬರಲಿ ಎಂದು ದೇವರಿಗೆ ಕೈಮುಗಿದಿದ್ದೆ. ದೇವರು ತಡವಾಗಿ ಕೇಳಿಸಿಕೊಂಡ. ಈಗ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗುತ್ತೇನೆ.

ಚಿಕ್ಕಪ್ಪನ ರಾಜಕೀಯವೂ ಅವರ ಮಿಲ್ಲಿನಂತೆಯೇ, ಒಂದೇ ಸದ್ದು. ಮಿಲ್ಲಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ ಓದುವರು, ಒಂದೊಂದು ಸುದ್ದಿಗೂ ತೀರ್ಪು ಕೊಡುವರು. ದುಡಿದವನು ಉಣ್ಣಬೇಕು. ಪುಕ್ಕಟೆ ಕೊಟ್ಟರೆ ಜನ ಕೆಡುತ್ತಾರೆ. ಹಿರಿಯರು ಮಾಡಿಟ್ಟದ್ದನ್ನು ಮುರಿಯುವ ಮೊದಲು ಹತ್ತು ಸಲ ಯೋಚಿಸಬೇಕು. ವ್ಯಾಪಾರವನ್ನು ವ್ಯಾಪಾರ ಮಾಡುವವರಿಗೆ ಬಿಟ್ಟು ಸರ್ಕಾರ ರಸ್ತೆ ನೋಡಿಕೊಳ್ಳಬೇಕು. ಹೆಂಗಸರು ಪುಕ್ಕಟೆ ಬಸ್ಸಿನಲ್ಲಿ ಬಂದು, ಪುಕ್ಕಟೆ ಅಕ್ಕಿಯನ್ನು ರೊಟ್ಟಿಗೆಂದು ಬೀಸಿಸಿಕೊಂಡು ಹೋಗುವಾಗ ಮಾತ್ರ ಅವರ ಭಾಷಣ ಸ್ವಲ್ಪ ತಗ್ಗುತ್ತಿತ್ತು. ಬೀಸುವ ಕೂಲಿ ಪುಕ್ಕಟೆಯಲ್ಲವಲ್ಲ.

ಅವರ ಮಾತಿನಲ್ಲಿ ಪೂರ್ತಿ ಸುಳ್ಳಿರಲಿಲ್ಲ ಎನ್ನುವುದೇ ನನ್ನ ಕಷ್ಟ. ನಾನು ಸರ್ಕಾರದ ಸಂಬಳ ತಿನ್ನುವವಳು. ಒಂದು ಸಹಿಗೆ ಜನ ಎಷ್ಟು ಸಲ ಮೆಟ್ಟಿಲು ಹತ್ತುತ್ತಾರೆ ಎಂದು ಕಣ್ಣಾರೆ ಕಾಣುತ್ತೇನೆ. ಹಿಂದೊಮ್ಮೆ ಮಿಲ್ಲು ತಪಾಸಣೆಗೆ ಬಂದ ಸಾಹೇಬರೊಬ್ಬರು ಕಲ್ಲನ್ನೂ ನೋಡದೆ, ಕಸವನ್ನೂ ನೋಡದೆ, ಒಂದು ಚೀಲ ರಾಗಿ ಹಿಟ್ಟು ಜೀಪಿಗೆ ಹಾಕಿಸಿಕೊಂಡು ಹೋಗಿದ್ದರು. ಅವತ್ತಿನಿಂದ ಚಿಕ್ಕಪ್ಪನಿಗೆ ತಪಾಸಣೆ ಎಂಬ ಮಾತೇ ಬೈಗುಳ. "ನನ್ ಹಿಟ್ಟು ನೋಡಕ್ಕೆ ಹಾಸನದಿಂದ ಜೀಪ್ ಬರ್ಬೇಕಾ? ತಿನ್ನೋರಿಗೆ ನಾಲಗೆ ಇಲ್ವಾ?" ಎನ್ನುವರು. ಅವರು ತೂಕದಲ್ಲಿ ಯಾರಿಗೂ ಮೋಸ ಮಾಡಿದವರಲ್ಲ. ನಮ್ಮಿಬ್ಬರನ್ನು ಓದಿಸಿದರು, ಸುಮಿಯ ಮದುವೆಯನ್ನು ಮುಂದೆ ನಿಂತು ಮಾಡಿದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಹೇಳುವುದನ್ನು ಕೇಳಿ ನೀವು ಅವರನ್ನು ಸುಲಭವಾಗಿ ಬೈದುಬಿಡಬಾರದು. ಬೈಯುವುದಿದ್ದರೆ ನನ್ನ ಹಾಗೆ ಕಷ್ಟಪಟ್ಟು ಬೈಯಬೇಕು.

ಸುಮಿ ಮದುವೆಯಾಗಿ ಬೇಲೂರಿಗೆ ಹೋದಳು. ಅವಳ ಗಂಡ ಅಲ್ಲಿ ಹೈಸ್ಕೂಲ್ ಮೇಷ್ಟ್ರು. ಎರಡನೆಯ ಹೆರಿಗೆಯಾದ ಮೇಲೆ ಅವಳಿಗೆ ಚಪಾತಿ ತಿಂದಾಗಲೆಲ್ಲ ಮೈಮೇಲೆ ದದ್ದು ಏಳತೊಡಗಿತು. ಹಾಸನದ ಡಾಕ್ಟರು ಪರೀಕ್ಷೆ ಮಾಡಿಸಿ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನ ಅಂಶ ಇವಳ ಮೈಗೆ ಆಗದು ಎಂದರು. ಕೆಲವರಿಗೆ ಅದು ನಿಧಾನವಾಗಿ ಕರುಳು ಕೆಡಿಸುತ್ತದಂತೆ, ಸುಮಿಯಂಥವರಿಗೆ ಮಾತ್ರ ಒಮ್ಮೆಗೇ ಮೈಯೆಲ್ಲ ತಿರುಗಿ ಬೀಳುತ್ತದಂತೆ. ಚಪಾತಿ, ರವೆ, ಶಾವಿಗೆ, ಬಿಸ್ಕತ್ತು ಎಲ್ಲ ನಿಂತವು. ಒಗ್ಗರಣೆಯ ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ತಿಳಿದ ದಿನ ಅವಳು ಅಡಿಗೆಮನೆಯಲ್ಲಿ ಕೂತು ಅತ್ತಳು. ಅಂದಿನಿಂದ ಎಲ್ಲಿಗೆ ಹೋದರೂ ತನ್ನ ಊಟದ ಒಂದು ಸ್ಟೀಲಿನ ಡಬ್ಬಿ ಅವಳ ಜೊತೆಗೆ.

ಚಿಕ್ಕಪ್ಪನಿಗೆ ಇದು ದುಡ್ಡು ಹೆಚ್ಚಾದವರ ಕಾಯಿಲೆ. ನಮ್ಮ ಹಿರಿಯರು ರಾಗಿ ತಿಂದು ಬಂಡೆ ಎತ್ತುತ್ತಿದ್ದರು, ಯಾರಿಗಿತ್ತು ಈ ಗುಲಟಿ ಎಂದು ಕೇಳುತ್ತಿದ್ದರು. ಅವರ ಬಾಯಲ್ಲಿ ಗ್ಲುಟೆನ್ ಬಹಳ ದಿನ 'ಗುಲಟಿ'ಯಾಗಿಯೇ ಇತ್ತು. ಅದು ಸರಿಯಾಗಿ 'ಗ್ಲುಟೆನ್' ಆದದ್ದು ಬೇಲೂರಿನ ಅಂಗಡಿಯವರೊಬ್ಬರಿಂದ. ದೇವಸ್ಥಾನ ನೋಡಲು ಬರುವ ಪೇಟೆಯ ಜನ ಗ್ಲುಟೆನ್ ಇಲ್ಲದ ರಾಗಿ ಹಿಟ್ಟು ಕೇಳುತ್ತಾರೆ, ಹಾಗಂತ ಪ್ಯಾಕೆಟ್ಟಿನ ಮೇಲೆ ಬರೆದಿದ್ದರೆ ಕೇಳಿದ ಬೆಲೆಗೆ ಒಯ್ಯುತ್ತಾರೆ ಎಂದು ಅವರು ಹೇಳಿದ್ದೇ ತಡ, ಚಿಕ್ಕಪ್ಪನ ನಾಲಗೆ ತಿರುಗಿತು. ತಿಂಗಳೊಳಗೆ ಪ್ಯಾಕೆಟ್ಟು ಬಂತು. ಅದರ ಮೇಲೆ ಬೀಸುವ ಕಲ್ಲಿನ ಮುಂದೆ ಕೂತು ನಗುವ ಒಬ್ಬ ಅಜ್ಜಿ. ಆ ಅಜ್ಜಿ ಯಾರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪ್ರೆಸ್ಸಿನವನು ಕಂಪ್ಯೂಟರಿನಲ್ಲಿ ಹುಡುಕಿ ಕೊಟ್ಟದ್ದು. ಅಜ್ಜಿಯ ಕೆಳಗೆ ಹಸಿರು ಅಕ್ಷರಗಳಲ್ಲಿ 'ಗ್ಲುಟೆನ್ ಇಲ್ಲ' ಎಂದಿತ್ತು.

ಮಿಲ್ಲು ಮಾತ್ರ ಅದೇ. ಕಲ್ಲೂ ಅದೇ.

ಅವರೆಕಾಯಿಯ ಕಾಲ. ಭಾನುವಾರ ಜಾವಗಲ್ಲಿಗೆ ಊಟಕ್ಕೆ ಬನ್ನಿ ಎಂದು ಚಿಕ್ಕಮ್ಮ ಫೋನು ಮಾಡಿದ್ದರು. ನಾನು ಅರಸೀಕೆರೆಯಿಂದ, ಸುಮಿ ಬೇಲೂರಿನಿಂದ ಹಳೇಬೀಡಿನ ಮೇಲೆ, ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಬಂದೆವು. ಸುಮಿ ಡಬ್ಬಿ ತಂದಿರಲಿಲ್ಲ. ಹಿಂದಿನ ಸಲ ಅವಳು ಚೀಲದಿಂದ ಡಬ್ಬಿ ತೆಗೆದಾಗ ಚಿಕ್ಕಪ್ಪ ಊಟ ಬಿಟ್ಟು ಎದ್ದಿದ್ದರು. ಹೆಣ್ಣುಮಗಳು ತವರಿಗೆ ಬುತ್ತಿ ತರುವುದೆಂದರೆ ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ. ಈ ಸಲ ಅವರೇ ಒಂದು ಪ್ಯಾಕೆಟ್ಟು ಹಿಡಿದುಕೊಂಡು ಅಡಿಗೆಮನೆಗೆ ಬಂದರು, ಅವಳ ಎದುರಿಗೇ ಅದನ್ನು ಕತ್ತರಿಸಿದರು.

"ಓದೇ ಇಲ್ಲಿ, ಏನ್ ಬರ್ದೈತೆ? ನೀನು ಹೆದರ್ಕೊಂಡು ಸಾಯ್ತೀಯ ಅಂತ ನಿನಗೋಸ್ಕರಾನೇ ಮಾಡ್ಸಿದೀನಿ ಅನ್ಕೋ," ಎಂದರು.

ಸುಮಿ ಓದಿದಳು. ನಕ್ಕಳು. ಆ ನಗು ನನಗೆ ಈಗಲೂ ಕಾಣುತ್ತದೆ. ಎಷ್ಟೋ ದಿನದಿಂದ ಬೇರೆ ತಟ್ಟೆಯಲ್ಲಿ ಬೇರೆ ಅನ್ನ ಉಂಡವಳು ಎಲ್ಲರ ಜೊತೆ ಸಾಲಿನಲ್ಲಿ ಕೂತು ಮುದ್ದೆ ಮುರಿಯುವಾಗ ನಗುವ ನಗು.

ನಿಮಗೆ ಗೊತ್ತಿದೆ, ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅರ್ಧ ಮುದ್ದೆಯಾಗಿರಬೇಕು, ಸುಮಿಯ ಕೈ ಗಂಟಲಿಗೆ ಹೋಯಿತು. ಕೆಮ್ಮಿದಳು. ಎಲ್ಲರಿಗೂ ತುತ್ತು ಸಿಕ್ಕಿಕೊಂಡಿದೆ ಎಂದೇ ಅನ್ನಿಸಿತು. ಬೇರೆ ಏನನ್ನಿಸಲು ಸಾಧ್ಯ? ಚಿಕ್ಕಮ್ಮ ನೀರು ಕೊಟ್ಟರು. ಚಿಕ್ಕಪ್ಪ ಬೆನ್ನು ಗುದ್ದುತ್ತಾ, ಬೇಲೂರಿಗೆ ಹೋಗಿ ಮುದ್ದೆ ನುಂಗೋದನ್ನೂ ಮರೆತಿದೀಯಲ್ಲೇ ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಕುಡಿದ ನೀರು ಸುಮಿಯ ಬಾಯಿಂದ ಹೊರಕ್ಕೇ ಬಂತು. ಆಗ ನಾನು ಅವಳ ತುಟಿ ನೋಡಿದೆ. ಅವು ಅವಳ ತುಟಿಗಳಾಗಿರಲಿಲ್ಲ. ಯಾರೋ ಒಳಗಿನಿಂದ ಗಾಳಿ ಊದುತ್ತಿದ್ದಂತೆ ದಪ್ಪಗಾಗುತ್ತಿದ್ದವು. ಕುತ್ತಿಗೆಯ ಮೇಲೆ ಕೆಂಪು ಪಟ್ಟೆಗಳು. ಉಸಿರು ಎಳೆದಾಗ ಸಣ್ಣ ಶಿಳ್ಳೆಯ ಸದ್ದು. ಬೆನ್ನಿಗೆ ಮಾತ್ರ ಗುದ್ದು ಬೀಳುತ್ತಲೇ ಇತ್ತು.

ನಾನು ಏನು ಕೂಗಿದೆನೋ ನೆನಪಿಲ್ಲ. ನೆನಪಿರುವುದು ಚಿಕ್ಕಪ್ಪ ಎಂಜಲು ಕೈಯಲ್ಲೇ ಅವಳನ್ನು ಎತ್ತಿಕೊಂಡು ಬೀದಿಗೆ ಓಡಿದ್ದು, ಆ ವಯಸ್ಸಿನಲ್ಲಿ, ಚಪ್ಪಲಿಯಿಲ್ಲದೆ. ಎದುರಿಗೆ ಬಂದ ಆಟೋವನ್ನು ಅಡ್ಡಗಟ್ಟಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ನರ್ಸು ಒಂದೇ ನೋಟ ನೋಡಿ, ಒಂದು ಮಾತೂ ಕೇಳದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಆಮೇಲಿನ ಕೆಲವು ನಿಮಿಷ ನಾನು ಸುಮಿಯ ತುಟಿಯನ್ನೇ ನೋಡುತ್ತಾ ನಿಂತೆ. ನೋಡುವುದನ್ನು ಬಿಟ್ಟರೆ ಅವಳು ಹೋಗಿಬಿಡುತ್ತಾಳೆ ಎಂದು ಯಾರೋ ಹೇಳಿದ ಹಾಗೆ. ಶಿಳ್ಳೆಯ ಸದ್ದು ನಿಧಾನವಾಗಿ ನಿಂತಿತು. ಅವಳು ಕಣ್ಣು ತೆರೆದು ಮೊದಲು ಹೇಳಿದ್ದು, "ಚಿಕ್ಕಪ್ಪಂಗೆ ಚಪ್ಪಲಿ ತರ್ಸು ಅಕ್ಕ."

ಪುಕ್ಕಟೆ ಆಸ್ಪತ್ರೆಯಲ್ಲಿ ಪುಕ್ಕಟೆ ಇಂಜೆಕ್ಷನ್ನಿನಿಂದ ಬದುಕಿದಳು ಎಂದು ಚಿಕ್ಕಪ್ಪನಿಗೆ ನಾನು ಇವತ್ತಿನವರೆಗೆ ಹೇಳಿಲ್ಲ. ಹೇಳಿದ್ದರೆ, ನಾವು ತೆರಿಗೆ ಕಟ್ಟಲ್ವಾ ಎನ್ನುತ್ತಿದ್ದರು. ಅದೂ ನಿಜವೇ.

ಅಂದು ಸಂಜೆ ಅವರನ್ನು ಕೇಳಿದೆ. ಹಿಂದಿನ ದಿನ ಯಾರದೋ ಮದುವೆಯ ಗೋಧಿ ಬೀಸಿದ್ದಾಗಿ ಅವರೇ ಹೇಳಿದರು, ಏನೂ ಮುಚ್ಚಿಡಲಿಲ್ಲ. ಅದಾದ ಮೇಲೆ ಪ್ಯಾಕೆಟ್ಟಿನ ರಾಗಿ. "ಕಲ್ಲು ತೊಳ್ದಿದ್ದೆ ಕಣವ್ವ. ಒಂದಲ್ಲ, ಎಲ್ಡು ಸೇರು ಹಾಕ್ಸಿ ತೊಳ್ದಿದ್ದೆ," ಎಂದರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ. ಮುದ್ದೆ ಅಂಟಾಗದಿದ್ದರೆ ಹಿಟ್ಟು ಶುದ್ಧ ಎಂದು ಅವರಪ್ಪ ಕಲಿಸಿದ್ದರು. ಆ ಲೆಕ್ಕದಲ್ಲಿ ಪ್ಯಾಕೆಟ್ಟಿನ ಮೇಲಿನ ಮಾತು ಸತ್ಯವೇ. ಹಾಸನದ ಡಾಕ್ಟರು ಮಾತ್ರ ತಲೆ ಚಚ್ಚಿಕೊಂಡರು. ಇವಳಿಗೆ ಚಿಟಿಕೆ ಸಾಕು, ಆ ಕಲ್ಲಿನಲ್ಲಿ ಬೀಸಿದ ಯಾವುದೂ ಬೇಡ ಎಂದರು.

ಅಷ್ಟಾದ ಮೇಲೆ ಚಿಕ್ಕಪ್ಪ ಆ ಹಸಿರು ಅಕ್ಷರ ತೆಗೆಸುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ ರಾಗಿಗೆಂದೇ ಬೇರೆ ಕಲ್ಲು ಹಾಕಿಸುತ್ತಾರೆ. ಎರಡೂ ಆಗಲಿಲ್ಲ. ಮೊದಲ ವಾರ ಅವರು ಮಿಲ್ಲನ್ನೇ ಸರಿಯಾಗಿ ತೆಗೆಯಲಿಲ್ಲ. ಎರಡನೆಯ ವಾರ ಬಿಸಿಲಿನಲ್ಲಿ ಬಸ್ಸಿನಲ್ಲಿ ಬಂದದ್ದಕ್ಕೆ ಪಿತ್ತ ಏರಿರಬೇಕು ಎಂದರು. ಮೂರನೆಯ ವಾರ ವ್ಯಾಪಾರದ ನೀತಿಗೆ ಬಂದರು. ಒಬ್ಬಳಿಗೆ ಆಯಿತೆಂದು ಊರಿಗೆಲ್ಲ ಆಗುತ್ತದೆಯೇ, ಆಗದವರು ಕೊಳ್ಳಬಾರದು, ಬೇಕಾದವರು ಕೊಳ್ಳುತ್ತಾರೆ, ಕೆಟ್ಟದ್ದಾಗಿದ್ದರೆ ಮಾರ್ಕೆಟ್ಟೇ ಬೇಡ ಎನ್ನುತ್ತದೆ. ಆಗದವರಿಗೆಂದೇ ಅಲ್ಲವೇ ನೀವು ಬರೆಸಿರುವುದು ಎಂದು ನಾನು ಕೇಳಿದೆ. ಓದಿದವರ ಜೊತೆ ಮಾತಾಡುವುದೇ ಕಷ್ಟ ಎಂದು ಎದ್ದು ಹೋದರು.

ಹಾಸನದ ಆಹಾರ ತಪಾಸಣೆಯ ಆಫೀಸಿಗೆ ದೂರು ಕೊಡುತ್ತೇನೆ ಎಂದು ಸುಮಿಗೆ ಹೇಳಿದೆ. ಪ್ಯಾಕೆಟ್ಟಿನ ಜೊತೆ ಕೊಂಡ ಬಿಲ್ಲೂ ಇದ್ದರೆ ದೂರು ಗಟ್ಟಿಯಾಗುತ್ತದೆ ಎಂದು ಕಚೇರಿಯ ಪಕ್ಕದ ಮೇಜಿನವರು ಹೇಳಿಕೊಟ್ಟಿದ್ದನ್ನೂ ಅವಳಿಗೆ ಹೇಳಿದೆ. ತಡೆದವಳು ಸುಮಿ. "ನಮ್ಮನ್ನ ಸಾಕಿದೋರು ಅಕ್ಕ. ಆ ಮನೆ ಮಗಳಾಗಿ ಹೆಂಗೆ ಕೊಡ್ಲಿ? ನೀನೂ ಕೊಡ್ಬೇಡ, ನನ್ನಾಣೆ," ಎಂದಳು. ಉಸಿರು ಕಟ್ಟಿದವಳೇ ಬೇಡವೆಂದ ಮೇಲೆ ನಾನು ಯಾವ ಮುಖ ಹೊತ್ತು ಹೋಗಲಿ? ಸುಮ್ಮನಾದೆ. ಊಟ ಮಾಡುವವರ ತುಟಿ ನೋಡತೊಡಗಿದ್ದು ಆಗಲೇ.

ಒಮ್ಮೆ ಬೇಲೂರಿಗೆ ಹೋದಾಗ ದೇವಸ್ಥಾನದ ರಸ್ತೆಯ ಅಂಗಡಿಯಲ್ಲಿ ಆ ಅಜ್ಜಿ ಸಾಲಾಗಿ ನಗುತ್ತಾ ಕೂತಿದ್ದಳು. ಪ್ರವಾಸಕ್ಕೆ ಬಂದಿದ್ದ ಒಬ್ಬ ತಾಯಿ ಪ್ಯಾಕೆಟ್ಟು ಕೈಗೆತ್ತಿಕೊಂಡು ಮಗನಿಗೆ, "ನೋಡು ಪುಟ್ಟ, ಇದನ್ನ ನೀನೂ ತಿನ್ಬೋದು," ಎನ್ನುತ್ತಿದ್ದಳು. ಅದನ್ನು ತಗೋಬೇಡಿ ಎಂದೆ. ಅಂಗಡಿಯವರು ಕಣ್ಣು ಕೆಂಪಗೆ ಮಾಡಿದರು, ಆ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಏನು ಹೇಳಬೇಕೋ ತೋಚದೆ, ನನಗೆ ಎಲ್ಲ ಪ್ಯಾಕೆಟ್ಟೂ ಬೇಕು, ಒಂದೂ ಬಿಡದೆ ಕಟ್ಟಿಕೊಡಿ ಎಂದುಬಿಟ್ಟೆ. ಬಿ.ಎಸ್ಸಿ. ಓದಿದವಳ ಬುದ್ಧಿ. ಆ ಗಡಿಬಿಡಿಯಲ್ಲಿ ಬಿಲ್ ಕೇಳುವುದೂ ಹೊಳೆಯಲಿಲ್ಲ. ಎರಡು ಗೋಣಿಚೀಲ ಹಿಟ್ಟನ್ನು ಬಸ್ಸಿನಲ್ಲಿ ಅರಸೀಕೆರೆಗೆ ತಂದು, ಪಕ್ಕದ ಮನೆಯವರ ಹಸುಗಳಿಗೆ ಹಾಕಿಸಿದೆ. ಹಸುಗಳು ಬಹಳ ಸಂತೋಷಪಟ್ಟವು. ನಾನೂ ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದೆ.

ಕಳೆದ ಭಾನುವಾರ ಮತ್ತೆ ಜಾವಗಲ್ಲಿನಲ್ಲಿ ಊಟ. ಈಗ ಸುಮಿ ಡಬ್ಬಿ ತಂದರೆ ಯಾರೂ ಏನೂ ಅನ್ನುವುದಿಲ್ಲ, ನೋಡುವುದೂ ಇಲ್ಲ. ಅವಳಿಗೆ ಗೋಡೆಯ ಪಕ್ಕ ಬೇರೆ ಚಾಪೆ. ಚಿಕ್ಕಪ್ಪ ಬಹಳ ದಿನದ ಮೇಲೆ ಗೆಲುವಾಗಿದ್ದರು. ಬೇಲೂರಿನ ಅಂಗಡಿಯಲ್ಲಿ ಅವರ ಹಿಟ್ಟು ಒಂದೇ ದಿನಕ್ಕೆ ಖಾಲಿಯಾಯಿತಂತೆ. ಅಂಗಡಿಯವರು ಫೋನು ಮಾಡಿ ಇದರ ಎರಡರಷ್ಟು ಕಳಿಸಿ ಎಂದರಂತೆ. ಈಗ ಹಳೇಬೀಡಿನ ಅಂಗಡಿಗಳಿಗೂ ಹೋಗುತ್ತಿದೆಯಂತೆ.

"ನಾನೇಳಿದ್ನೋ ಇಲ್ವೋ? ಮಾರ್ಕೆಟ್ಟು ಸುಳ್ಳೇಳಲ್ಲ," ಎಂದು ನನ್ನ ಕಡೆ ನೋಡಿದರು.

ನನಗೆ ತಡೆಯಲಾಗಲಿಲ್ಲ. "ಅದನ್ನೆಲ್ಲ ತಗೊಂಡಿದ್ದು ನಾನು ಚಿಕ್ಕಪ್ಪ. ಯಾರೂ ತಿನ್ಬಾರ್ದು ಅಂತ. ಎಲ್ಲಾ ಹಸುಗೆ ಹಾಕ್ದೆ," ಎಂದೆ.

ಚಿಕ್ಕಮ್ಮನ ಸೌಟು ನಿಂತಿತು. ಚಿಕ್ಕಪ್ಪ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿದರು. ಅವರಿಗೆ ನೋವಾಯಿತು ಎಂದುಕೊಂಡೆ. ಆಗಿರಲೂಬಹುದು. ಆಮೇಲೆ ಅದನ್ನು ಮತ್ತೆ ಎಳೆದುಕೊಂಡು, ಮುದ್ದೆಯ ತುತ್ತು ಮುರಿದು ಸಾರಿನಲ್ಲಿ ಹೊರಳಿಸುತ್ತಾ, "ಮನುಷ್ಯ ತಿಂತಾನೋ ಹಸ ತಿಂತದೋ, ಅದು ಕೊಂಡೋರ್ಗೆ ಬಿಟ್ಟಿದ್ದು. ಗಿರಾಕಿ ಗಿರಾಕೀನೇ ಕಣವ್ವ," ಎಂದು ನುಂಗಿದರು.

ಗೋಡೆಯ ಪಕ್ಕದಿಂದ ಸುಮಿ ತಲೆ ಎತ್ತಿದಳು. "ಹಂಗಾದ್ರೆ ನಾನೂ ನಿಮ್ಮ ಗಿರಾಕೀನಾ ಚಿಕ್ಕಪ್ಪ?"

"ಥೂ, ನೀನ್ಯಾಕೆ ಗಿರಾಕಿ ಆಯ್ತೀಯ? ನೀನು ಮನೆ ಮಗಳು."

ಹೇಳುವಾಗ ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಅವಳನ್ನು ಎತ್ತಿಕೊಂಡು ಬರಿಗಾಲಿನಲ್ಲಿ ಓಡಿದ ಮನುಷ್ಯನೇ ಅದು. ಸುಮಿಯ ಕೈ ಗಂಟಲಿಗೆ ಹೋಯಿತು. ನಾನು ಅರ್ಧ ಎದ್ದೆ. ಏನೂ ಆಗಿರಲಿಲ್ಲ. ಅವಳು ಇನ್ನೂ ಡಬ್ಬಿಯನ್ನೇ ತೆರೆದಿರಲಿಲ್ಲ. ತೆರೆಯದೆಯೇ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಬಸ್ ಸ್ಟ್ಯಾಂಡಿಗೆ ಇಬ್ಬರೂ ನಡೆದೇ ಬಂದೆವು. ಅರಸೀಕೆರೆಯ ಬಸ್ಸು ಆಗಲೇ ನಿಂತಿತ್ತು. ನಾನು ಹತ್ತದೆ ಅವಳ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಅಂಗಡಿಯ ಬಾಗಿಲಲ್ಲಿ ಅಜ್ಜಿಯ ಪ್ಯಾಕೆಟ್ಟುಗಳು ತೂಗುತ್ತಿದ್ದವು. ಸುಮಿ ರಸ್ತೆ ದಾಟಿ ಹೋಗಿ ಒಂದನ್ನು ಕಿತ್ತು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ದುಡ್ಡು ಕೊಟ್ಟು, ಬಿಲ್ ಬೇಕು ಎಂದಳು.

ಜಾವಗಲ್ಲಿನಲ್ಲಿ ಒಂದು ಪ್ಯಾಕೆಟ್ಟು ರಾಗಿ ಹಿಟ್ಟಿಗೆ ಬಿಲ್ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಂಗಡಿಯವರು ಕನ್ನಡಕ ಏರಿಸಿ ನೋಡಿದರು.

"ಬಿಲ್ಲಾ? ಇದ್ಕಾ? ಅಲ್ಲ ತಾಯಿ, ನೀವು ಮಿಲ್ಲಿನೋರ ಮನೆ ಮಗಳಲ್ವಾ?"

"ಅಲ್ಲ, ನಾನು ಗಿರಾಕಿ. ಬರೀರಿ," ಎಂದಳು ಸುಮಿ.